ಊರಿನ ಮಕ್ಕಳು ಕುಗ್ಗಿದ ವರ್ಷ

ಶಾಲೆಯ ಯೂನಿಫಾರ್ಮ್ ಹೊಲಿಯುವುದರಲ್ಲಿ ಟೇಲರಜ್ಜನನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಒಪ್ಪಿತ್ತು. ಒಪ್ಪದೆ ಉಳಿದವರನ್ನು ಅಜ್ಜನೇ ಕೂರಿಸಿಕೊಂಡು ಒಪ್ಪಿಸುತ್ತಿದ್ದ. ನಲವತ್ತು ವರ್ಷದಲ್ಲಿ ಅವನು ಹೊಲಿದ ಒಂದು ತೋಳೂ ಗಿಡ್ಡವಾಗಿರಲಿಲ್ಲ, ಒಂದು ಪ್ಯಾಂಟೂ ಸೊಂಟದಿಂದ ಜಾರಿರಲಿಲ್ಲ. ಆ ಊರಿನಲ್ಲಿ ವಕೀಲರ ಮಾತು ತಪ್ಪಿದ್ದುಂಟು, ಸ್ಟೇಷನ್ನಿನ ಗಡಿಯಾರ ತಪ್ಪಿದ್ದುಂಟು, ಆಸ್ಪತ್ರೆಯಲ್ಲಿ ಎಡಗಾಲು ಮುರಿದವನ ಬಲಗಾಲಿಗೆ ಪಟ್ಟಿ ಸುತ್ತಿದ್ದೂ ಉಂಟು. ಅಜ್ಜನ ಅಳತೆ ಮಾತ್ರ ತಪ್ಪಿದ್ದಿಲ್ಲ.

ಇದೆಲ್ಲ ತನ್ನ ಟೇಪಿನ ಮಹಿಮೆ ಎಂದು ಅಜ್ಜ ನಂಬಿದ್ದ. ಹತ್ತು ವರ್ಷ ಜೊತೆಗಿಟ್ಟುಕೊಂಡು ಕೆಲಸ ಕಲಿಸಿದ ಗುರು ಅಂಗಡಿ ಬಿಟ್ಟು ಹೋಗುವ ದಿನ ತನ್ನ ಕೊರಳಿನಿಂದ ತೆಗೆದು ಇವನ ಕೊರಳಿಗೆ ಹಾಕಿದ ಬಟ್ಟೆಯ ಟೇಪು ಅದು. ಹಳದಿ ಬಣ್ಣ, ಅರವತ್ತು ಇಂಚು, ಆಗಿನ್ನೂ ಹೊಚ್ಚ ಹೊಸದು. ಮೂವತ್ತು ವರ್ಷದಿಂದ ಅಜ್ಜ ಬೇರೆ ಟೇಪನ್ನು ಕೈಯಲ್ಲಿ ಹಿಡಿದಿರಲಿಲ್ಲ. ನಡುವೆ ಒಂದು ವರ್ಷ ಶಾಲೆಯಲ್ಲಿ ಕಜ್ಜಿ ಹಬ್ಬಿತು. ಒಂದು ಮಗುವಿನ ಕೊರಳು ಮುಟ್ಟಿದ ಟೇಪು ಇನ್ನೊಂದರ ಕೊರಳನ್ನೂ ಮುಟ್ಟುತ್ತದಲ್ಲ ಎಂದು ಹೆದರಿದ ಅಜ್ಜ, ಅಂದಿನಿಂದ ಪ್ರತಿ ಶನಿವಾರ ಟೇಪನ್ನು ಕುದಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯತೊಡಗಿದ. ತೊಳೆದದ್ದು ಮುದುರಬಾರದೆಂದು ಗೋಡೆಯ ಮೊಳೆಗೆ ಕಟ್ಟಿ, ಕೆಳಗಿನ ತುದಿಗೆ ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ನೇತುಹಾಕಿ ಒಣಗಿಸುತ್ತಿದ್ದ. ಆ ಇಸ್ತ್ರಿಪೆಟ್ಟಿಗೆ ಎತ್ತಬೇಕಾದರೆ ಅಜ್ಜಿಗೆ ಎರಡೂ ಕೈ ಬೇಕು.

"ಪಾಪ, ಟೇಪಿಗೆ ಯಾಕ್ರೀ ಈ ಶಿಕ್ಷೆ?" ಎಂದು ಅವಳು ಕೇಳಿದರೆ, "ಶಿಕ್ಷೆ ಅಲ್ಲ ಕಣೇ, ಶಿಸ್ತು" ಎನ್ನುತ್ತಿದ್ದ.

ಅಜ್ಜನ ಇನ್ನೊಂದು ಶಿಸ್ತು ಅಳತೆ ಪುಸ್ತಕದ್ದು. ಯಾವ ಮಗು ಬಂದರೂ ಮೊದಲು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಬರೆದುಕೊಳ್ಳುವುದು, ಆಮೇಲೆ ಎದೆ, ತೋಳು, ಸೊಂಟ. ಪಕ್ಕದಲ್ಲಿ ಒಂದು ಟಿಪ್ಪಣಿ: "ಜ್ವರ ಬಿಟ್ಟು ನಾಲ್ಕು ದಿನ, ಸೊಂಟ ತುಂಬಿಕೊಳ್ಳುತ್ತೆ, ಒಂದಿಂಚು ಬಿಡು." "ಹೊಟ್ಟೆ ಕೆಟ್ಟಿದೆ, ಬಿಗಿ ಬೇಡ." ಹೀಗೆ ನಲವತ್ತು ವರ್ಷದ ನಲವತ್ತು ಪುಸ್ತಕ ಅಂಗಡಿಯ ಅಟ್ಟದ ಮೇಲೆ ಕೂತಿದ್ದವು. ಜಿರಳೆಗಳ ಹೊರತು ಯಾರೂ ಅವನ್ನು ಓದಿರಲಿಲ್ಲ.

ಓದುವವಳು ಕೊನೆಗೂ ಬಂದಳು. ಅವಳು ಡಾಕ್ಟರು, ಆದರೆ ರೋಗಿಗಳನ್ನು ಮುಟ್ಟದ ಡಾಕ್ಟರು. ಒಬ್ಬರಿಗೆ ಕೆಮ್ಮಿದ್ದರೆ ಅವಳಿಗೆ ಅಷ್ಟೇನೂ ಕುತೂಹಲವಿಲ್ಲ, ಸಾವಿರ ಜನಕ್ಕೆ ಕೆಮ್ಮು ಬಂದರೆ ಊಟ ಬಿಟ್ಟು ಕೂರುತ್ತಾಳೆ. ಊರಿನ ಜನರ ಆರೋಗ್ಯ ಮೂವತ್ತು ವರ್ಷದಲ್ಲಿ ಸುಧಾರಿಸಿದೆಯೋ ಕೆಟ್ಟಿದೆಯೋ ಎಂದು ಕಂಡುಹಿಡಿಯಲು ಆರೋಗ್ಯ ಇಲಾಖೆ ಅವಳನ್ನು ಕಳಿಸಿತ್ತು. ಆಸ್ಪತ್ರೆಯ ಹಳೆಯ ದಾಖಲೆಗಳನ್ನೆಲ್ಲ ಗೆದ್ದಲು ತಿಂದಿತ್ತು. ಟೇಲರಜ್ಜನ ಪುಸ್ತಕಗಳ ಸುದ್ದಿ ಕೇಳಿ ಓಡಿ ಬಂದವಳು ಅಟ್ಟದಿಂದ ಮೊದಲ ಪುಸ್ತಕ ಇಳಿಸಿ ತೆರೆದು, ಕಣ್ಣು ಬಾಯಿ ಬಿಟ್ಟು ಕೂತಳು.

"ಅಜ್ಜ, ಇದು ಚಿನ್ನ. ಮಕ್ಕಳ ಎತ್ತರ ನೋಡಿದ್ರೆ ಇಡೀ ಊರಿನ ಆರೋಗ್ಯ ಗೊತ್ತಾಗುತ್ತೆ."

ಅಜ್ಜನಿಗೆ ಹೊಗಳಿಕೆ ಸೇರಿತು, ಮಾತು ಸೇರಲಿಲ್ಲ. "ಎತ್ತರಕ್ಕೂ ಆರೋಗ್ಯಕ್ಕೂ ಏನಮ್ಮ ಸಂಬಂಧ? ಅದು ರಕ್ತದಲ್ಲಿ ಬರೋದು. ನಮ್ಮ ವಂಶದಲ್ಲಿ ಎಲ್ಲ ಗಿಡ್ಡ, ನಾನೂ ಗಿಡ್ಡ."

"ನಿಮ್ಮ ಜೊತೆ ಹುಟ್ಟಿದವರು ಯಾರಿದ್ದಾರೆ?"

"ಒಬ್ಬ ತಮ್ಮ."

"ಅವರೂ ಗಿಡ್ಡಾನಾ?"

ಅಜ್ಜನಿಗೆ ಇದ್ದಕ್ಕಿದ್ದಂತೆ ಸೂಜಿಗೆ ದಾರ ಪೋಣಿಸುವ ತುರ್ತು ಬಂತು. ಒಳಗಿನಿಂದ ಅಜ್ಜಿ ಹೇಳಿದಳು: "ನನ್ನ ಮೈದುನನಾ? ಆರಡಿ. ನಮ್ಮ ಮನೆಗೆ ಬಂದಾಗೆಲ್ಲ ಬಾಗಿಲಿಗೆ ಹಣೆ ಹೊಡ್ಕೋತಾನೆ."

ಡಾಕ್ಟರು ನಕ್ಕಳು. "ರಕ್ತ ಅನ್ನೋದು ಬಟ್ಟೆ ಇದ್ದ ಹಾಗೆ ಅಜ್ಜ. ಎಷ್ಟು ಬಟ್ಟೆ ಇದೆಯೋ ಅದಕ್ಕಿಂತ ದೊಡ್ಡ ಅಂಗಿ ಆಗಲ್ಲ, ಒಪ್ಪಿದೆ. ಆದ್ರೆ ಬಟ್ಟೆ ಇದ್ದ ಮಾತ್ರಕ್ಕೆ ಅಂಗಿ ಆಗುತ್ತಾ? ದಾರ ಬೇಕು, ಅದು ಊಟ. ಹೊಲಿಯೋವಾಗ ಮಧ್ಯೆ ಇಲಿ ಕಡೀಬಾರದು, ಅದು ಕಾಯಿಲೆ. ನಿಮ್ಮಿಬ್ಬರಿಗೂ ಒಂದೇ ಥಾನಿನ ಬಟ್ಟೆ. ನಿಮಗೆ ಚಿಕ್ಕಂದಿನಲ್ಲಿ ಇಲಿ ಕಡಿದಿರಬೇಕು."

ಇಲಿ ಕಡಿದ ಬಟ್ಟೆ ಎಂದು ತನ್ನನ್ನು ಯಾರೂ ಇದುವರೆಗೆ ಕರೆದಿರಲಿಲ್ಲ. ಅಜ್ಜ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅಜ್ಜಿಯ ಹತ್ತಿರ, ತನಗೆ ಮೂರು ವರ್ಷ ತುಂಬುವವರೆಗೆ ಭೇದಿ ನಿಂತಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದಳು ಎಂದ. ತಮ್ಮ ಹುಟ್ಟುವ ಹೊತ್ತಿಗೆ ಮನೆಯಲ್ಲಿ ಹಸು ಇತ್ತು, ಬಾವಿಗೆ ಕಟ್ಟೆ ಕಟ್ಟಿಸಿದ್ದರು. "ಅಂದ್ರೆ ನಾನೂ ಆರಡಿ ಆಗ್ತಿದ್ದೆ ಕಣೇ" ಎಂದು ಎದೆಯುಬ್ಬಿಸಿದ. "ಆಗದೇ ಇದ್ದದ್ದೇ ಒಳ್ಳೇದಾಯ್ತು, ಬಾಗಿಲು ಒಂದಾದ್ರೂ ಉಳೀತು" ಎಂದಳು ಅಜ್ಜಿ.

ಡಾಕ್ಟರಿನ ವರದಿ ಮೂರು ತಿಂಗಳಲ್ಲಿ ಬಂತು. ಏಳು ವರ್ಷದ ಮಕ್ಕಳು ಮೂವತ್ತು ವರ್ಷದ ಹಿಂದೆ ನಲವತ್ತಾರೂವರೆ ಇಂಚು ಇದ್ದರು, ಈಗ ನಲವತ್ತನಾಲ್ಕೂಕಾಲು. ಊರಿನ ಮಕ್ಕಳು ಎರಡೂಕಾಲು ಇಂಚು ಕುಗ್ಗಿದ್ದಾರೆ.

ಊರಿಗೆ ಸಿಡಿಲು ಬಡಿದಂತಾಯಿತು. ಇದುವರೆಗೆ ಯಾರಿಗೂ ಕಾಣದಿದ್ದ ಗಿಡ್ಡತನ ಈಗ ಎಲ್ಲರಿಗೂ ಎದ್ದು ಕಾಣತೊಡಗಿತು. ಶಾಲೆಯ ಹೆಡ್‌ಮೇಡಮ್ಮು ದಿನಾ ಹತ್ತು ನಿಮಿಷ ಮಕ್ಕಳನ್ನು ಮರದ ಕೊಂಬೆಗೆ ಜೋತುಹಾಕಿಸಿದರು. ಭಾರದ ಚೀಲ ತಲೆಯನ್ನು ಕೆಳಕ್ಕೆ ತಳ್ಳುತ್ತದೆಂದು ಯಾರೋ ಹೇಳಿದ್ದಕ್ಕೆ ತಾಯಂದಿರೇ ಚೀಲ ಹೊತ್ತು ಬಂದರು. ಮನೆಮನೆಯಲ್ಲೂ ಗಂಡನ ಕಡೆಯವರು ಹೆಂಡತಿಯ ರಕ್ತವನ್ನು, ಹೆಂಡತಿಯ ಕಡೆಯವರು ಗಂಡನ ರಕ್ತವನ್ನು ದೂರಿ ಕಾಲು ಕೆರೆದು ಜಗಳ ತೆಗೆದರು. ಸಂಜೆ ಶಾಲೆಯ ಗೇಟಿನಲ್ಲಿ ಮಕ್ಕಳಿಗೆ ಕಾಯುವ ಅಪ್ಪಂದಿರು, ಅನುಮಾನ ತಮ್ಮ ಮೇಲೆ ಬರದಿರಲೆಂದು, ತುದಿಗಾಲಿನಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ಈ ಗದ್ದಲದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಡಾಕ್ಟರು ಹಠ ಹಿಡಿದು ಇಲಾಖೆಯಿಂದ ಮಂಜೂರು ಮಾಡಿಸಿದಳು: ಶಾಲೆಯಲ್ಲಿ ಮಗುವಿಗೆ ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು, ಆರು ತಿಂಗಳಿಗೊಮ್ಮೆ ಹೊಟ್ಟೆಹುಳುವಿನ ಮಾತ್ರೆ, ನಲ್ಲಿಯ ಹತ್ತಿರ ಸೋಪು. ಮೊದಲಿಗೆ ಒಂದು ವರ್ಷ. ಆಮೇಲೆ ಫಲ ನೋಡಿ ಮುಂದುವರಿಸುವುದು, ಇಲ್ಲವಾದರೆ ನಿಲ್ಲಿಸುವುದು.

ಬೆಳಿಗ್ಗೆ ಹನ್ನೊಂದಕ್ಕೆ ಮೊಟ್ಟೆಯ ಗಂಟೆ ಹೊಡೆದಾಗ ಆಗುತ್ತಿದ್ದ ಕೂಗಾಟ ಅಜ್ಜನ ಅಂಗಡಿಗೆ ಕೇಳುತ್ತಿತ್ತು. ಹಸಿವಿನಿಂದ ಬೆಳಗಿನ ಪಾಠದ ಹೊತ್ತಿಗೆ ತಲೆ ತಿರುಗಿ ಬೀಳುವ ಮಕ್ಕಳು ತಿಂಗಳಿಗೆ ಇಬ್ಬರು ಮೂವರಾದರೂ ಇರುತ್ತಿದ್ದರಂತೆ. ಆ ವರ್ಷ ಒಬ್ಬರೂ ಬೀಳಲಿಲ್ಲ ಎಂದು ಹೆಡ್‌ಮೇಡಮ್ಮು ಬಂದು ಹೇಳಿ ಹೋದರು. ತನ್ನ ಪುಸ್ತಕದಿಂದ ಇಷ್ಟೆಲ್ಲ ಆಯಿತು ಎಂದು ಅಜ್ಜನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ವರ್ಷದ ಕೊನೆಗೆ, ಶಾಲೆಗೆ ದೊಡ್ಡ ರಜೆ ಬಿಡುವ ಮುಂಚೆ, ಅಜ್ಜ ವಾಡಿಕೆಯಂತೆ ಮುನ್ನೂರ ಹನ್ನೆರಡು ಮಕ್ಕಳ ಅಳತೆ ತೆಗೆದುಕೊಂಡ. ರಜೆ ಮುಗಿಯುವ ಹೊತ್ತಿಗೆ ಹೊಸ ಯೂನಿಫಾರ್ಮ್ ಸಿದ್ಧವಾಗಬೇಕು. ಅದೇ ಪುಸ್ತಕ ನೋಡಿಯೇ ಮೊಟ್ಟೆಯ ಭವಿಷ್ಯವೂ ತೀರ್ಮಾನವಾಗಬೇಕು.

ರಜೆಯಲ್ಲಿ ಅಂಗಡಿಯ ಕಿಟಕಿಯ ಗಾಜು ಒಡೆಯಿತು. ಗಾಜಿನ ಅಂಗಡಿಯವನು ಅಳತೆ ತೆಗೆಯಲು ಬರುತ್ತೇನೆ ಎಂದ. ಅಜ್ಜನಿಗೆ ಅವಮಾನವಾಯಿತು. "ನನ್ನ ಕಿಟಕಿಗೆ ನೀನು ಬಂದು ಅಳತೆ ತೆಗೀತೀಯೇನಪ್ಪಾ?" ಎಂದು ತಾನೇ ಅಳೆದು, ಅಗಲ ಸರಿಯಾಗಿ ಇಪ್ಪತ್ತು ಇಂಚು ಎಂದು ಚೀಟಿ ಬರೆದು ಕಳಿಸಿದ. ಗಾಜಿನವನು ಕತ್ತರಿಸಿ ತಂದು ಚೌಕಟ್ಟಿಗೆ ಇಟ್ಟ. ಗಾಜು ಚೌಕಟ್ಟಿನೊಳಗೆ ತೂರಿ ಆಚೆ ಬದಿಗೆ ಬಿದ್ದು ಚೂರುಚೂರಾಯಿತು. ಒಂದಿಂಚು ಕಡಿಮೆ.

"ನಿನ್ನ ಸ್ಟೀಲ್ ಟೇಪು ಕೆಟ್ಟಿದೆ" ಎಂದ ಅಜ್ಜ.

"ಸ್ಟೀಲು ಎಲ್ಲಾದ್ರೂ ಕೆಡುತ್ತಾ ಅಜ್ಜ? ಬೇಕಾದ್ರೆ ಪಕ್ಕದಲ್ಲಿ ಇಟ್ಟು ನೋಡೋಣ."

ಕಟಿಂಗ್ ಮೇಜಿನ ಮೇಲೆ ಎರಡೂ ಟೇಪುಗಳನ್ನು ಅಕ್ಕಪಕ್ಕ ಹಾಸಿದರು. ಅಜ್ಜನ ಅರವತ್ತು ಇಂಚು ಮುಗಿಯುವ ಕಡೆ ಸ್ಟೀಲ್ ಟೇಪು ಅರವತ್ತಮೂರು ತೋರಿಸುತ್ತಿತ್ತು.

ಗಾಜು ಒಡೆದ ಸದ್ದಿಗೆ ಹೊರಗೆ ಬಂದಿದ್ದ ಅಜ್ಜಿಯೂ ಬಗ್ಗಿ ನೋಡಿದಳು. ಮೊದಲು ಮಾತಾಡಿದ್ದೂ ಅವಳೇ. "ಇಸ್ತ್ರಿಪೆಟ್ಟಿಗೆ" ಎಂದಳು, ಅಷ್ಟೇ.

ಅಜ್ಜ ಗೋಡೆಯ ಮೊಳೆಯ ಕಡೆ ನೋಡಿದ. ವಾರವಾರ ಇಸ್ತ್ರಿಪೆಟ್ಟಿಗೆ ಜಗ್ಗಿ ಜಗ್ಗಿ ಟೇಪು ಉದ್ದವಾಗಿದೆ. ಟೇಪು ಉದ್ದವಾದರೆ ಅದು ತೋರಿಸುವ ಅಂಕಿ ಕಡಿಮೆಯಾಗುತ್ತದೆ. ಮಕ್ಕಳ ಮೈ ಅಳೆಯುವುದೂ ಅದೇ ಟೇಪು, ಬಟ್ಟೆ ಕತ್ತರಿಸುವುದೂ ಅದೇ ಟೇಪು. ಹಾಗಾಗಿ ಅಂಗಿಗಳು ಮೈಗೆ ಹೇಳಿ ಮಾಡಿಸಿದಂತೆ ಕೂತವು, ಒಬ್ಬ ನರಪಿಳ್ಳೆಗೂ ಗೊತ್ತಾಗಲಿಲ್ಲ. ಮಕ್ಕಳು ಕುಗ್ಗಿರಲಿಲ್ಲ. ಕೊಂಬೆಗೆ ಜೋತುಬಿದ್ದದ್ದು, ಗಂಡಹೆಂಡಿರ ಜಗಳ, ಅಪ್ಪಂದಿರ ತುದಿಗಾಲು, ಎಲ್ಲ ಬರಿ ಇಸ್ತ್ರಿಪೆಟ್ಟಿಗೆಯ ಕಾರುಬಾರು.

ಗಾಜಿನವನಿಗೆ ಆ ಶಾಲೆಯಲ್ಲೇ ಓದುವ ಅವಳಿ ಹೆಣ್ಣುಮಕ್ಕಳಿದ್ದರು. ಅವನು ಸ್ಟೀಲ್ ಟೇಪನ್ನು ಸುತ್ತಿ ಜೇಬಿಗಿಟ್ಟ. "ಅಜ್ಜ, ನಾನೇನೂ ನೋಡ್ಲಿಲ್ಲ. ಗಾಜು ನನ್ನ ಕೈಜಾರಿ ಬಿತ್ತು. ನಮ್ಮ ಮಕ್ಕಳು ದಿನಾ ಮೊಟ್ಟೆ ತಿಂತಾ ಇದಾವೆ" ಎಂದು ಹೇಳಿ, ಚೂರು ಗುಡಿಸಿ ಹೋದ.

ಅಜ್ಜನಿಗೆ ಅನ್ನ ಸೇರಲಿಲ್ಲ. ಬಾಯಿಬಿಟ್ಟರೆ ಮೊಟ್ಟೆ ನಿಲ್ಲುತ್ತದೆ, ನಲವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡರೆ, ತನ್ನನ್ನು ನಂಬಿದ ಆ ಹುಡುಗಿ ಸುಳ್ಳು ಲೆಕ್ಕ ಹೊತ್ತು ಇಲಾಖೆಯ ಮುಂದೆ ನಿಲ್ಲುತ್ತಾಳೆ. ಅಳೆಯುವವನು ತಪ್ಪು ಅಳೆದರೆ ಕ್ಷಮೆಯಿದೆ, ತಪ್ಪೆಂದು ಗೊತ್ತಾದ ಮೇಲೂ ಅದನ್ನೇ ಸರಿ ಎನ್ನುವವನು ಟೇಲರೇ ಅಲ್ಲ. ಹಳೆಯ ಟೇಪನ್ನು ಪೇಪರಿನಲ್ಲಿ ಸುತ್ತಿಕೊಂಡು ಡಾಕ್ಟರಿನ ಆಫೀಸಿಗೆ ಹೋಗಿ ಎಲ್ಲ ಹೇಳಿಬಿಟ್ಟ.

ಡಾಕ್ಟರು ಪೇಪರು ಬಿಚ್ಚಿದಳು. ಟೇಪನ್ನು ತನ್ನ ಸ್ಕೇಲಿನ ಪಕ್ಕ ಇಟ್ಟು ನೋಡಿದಳು. ಆಮೇಲೆ ನಗತೊಡಗಿದಳು, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. "ಕಜ್ಜಿ ಹರಡಬಾರದು ಅಂತ ತೊಳೆದ್ರಾ? ಅಜ್ಜ, ರೋಗ ಊರಿನ ಎತ್ತರದ ಮೇಲೆ ಪರಿಣಾಮ ಬೀರುತ್ತೆ ಅಂತ ನಾನು ಓದಿದ್ದೆ. ಹೀಗೂ ಬೀರುತ್ತೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ."

"ಮೊಟ್ಟೆ ನಿಲ್ಸಿಬಿಡ್ತಾರಾ ತಾಯಿ?"

"ನಿಜ ಹೇಳ್ಲೇಬೇಕಲ್ಲ. ಒಂದು ವಾರ ಕೊಡಿ."

ವಾರ ಕಳೆದು ಅವಳೇ ಅಂಗಡಿಗೆ ಬಂದಳು, ಕಣ್ಣ ಕೆಳಗೆ ಕಪ್ಪು. ಟೇಪು ವರ್ಷವರ್ಷ ಎಷ್ಟೆಷ್ಟು ಜಗ್ಗಿರಬಹುದೆಂದು ಲೆಕ್ಕ ಹಾಕಿ ಪ್ರತಿ ವರ್ಷದ ಪುಸ್ತಕವನ್ನೂ ಸರಿಪಡಿಸಿದ್ದಳು. ಮಕ್ಕಳು ಕುಗ್ಗಿಲ್ಲ, ಆದರೆ ಮೂವತ್ತು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ, ಅದೇ ನಲವತ್ತಾರೂವರೆ. ಬೇರೆ ಊರುಗಳ ಮಕ್ಕಳು ಅಷ್ಟರಲ್ಲಿ ಒಂದೂವರೆ ಇಂಚು ಏರಿದ್ದಾರೆ. "ಇನ್ನೊಂದು ಇದೆ ಅಜ್ಜ. ನಿಮ್ಮ ಟೇಪು ಸುಳ್ಳು ಹೇಳಿರಬಹುದು, ಎಲ್ಲರಿಗೂ ಒಂದೇ ಸುಳ್ಳು ಹೇಳಿದೆ. ಗಾಜಿನವರ ಅವಳಿಗಳನ್ನ ನೋಡಿ. ಒಂದೇ ಅಚ್ಚು, ಒಂದೇ ರಕ್ತ, ಒಂದೇ ದಿನ ಒಂದೇ ಟೇಪಲ್ಲಿ ಅಳೆದಿದ್ದೀರಿ. ಆದ್ರೆ ಒಬ್ಬಳು ಇನ್ನೊಬ್ಬಳಿಗಿಂತ ಎರಡಿಂಚು ಕಡಿಮೆ. ಅವಳ ಹೆಸರಿನ ಮುಂದೆ ಪ್ರತಿ ವರ್ಷ ನೀವೇ ಬರೆದಿದ್ದೀರಿ, ಹೊಟ್ಟೆ ಕೆಟ್ಟಿದೆ, ಹೊಟ್ಟೆ ಕೆಟ್ಟಿದೆ, ಜ್ವರ. ಹೀಗೆ ಇನ್ನೂ ನೂರು ಮಕ್ಕಳ ಹೆಸರಿನ ಮುಂದೆ ಇದೆ."

"ಆ ಚಿಕ್ಕವಳು ಅವನ ಅತ್ತೆಯನ್ನ ಹೋಲ್ತಾಳೆ ಅಂತ ಗಾಜಿನವನು ಹೇಳ್ತಿದ್ದ" ಎಂದ ಅಜ್ಜ.

"ಅತ್ತೆಯವರ ಮೇಲೆ ಇನ್ನು ಆ ಅಪವಾದ ಬೇಡ ಅನ್ನಿ. ಶಾಲೆ ಶುರುವಾಗೋ ದಿನ ಇಲಾಖೆಯ ಅಧಿಕಾರಿ ಬರ್ತಾರೆ. ಇದನ್ನೆಲ್ಲ ಬಿಡಿಸಿ ಹೇಳ್ತೀನಿ. ಕೇಳಿದ್ರೆ ಮೊಟ್ಟೆ ಉಳಿಯುತ್ತೆ."

ಇತ್ತ ರಜೆ ಮುಗಿಯುತ್ತಾ ಬಂದಿತ್ತು. ಅಜ್ಜ ಹೊಸ ಟೇಪು ತಂದ, ಗಾಜಿನವನ ಸ್ಟೀಲಿನ ಪಕ್ಕ ಇಟ್ಟು ಮೂರು ಸಲ ಪರೀಕ್ಷಿಸಿದ. ತಲೆಯಲ್ಲೆಲ್ಲ ಅಧಿಕಾರಿಯದೇ ಚಿಂತೆ. ಅದೇ ಚಿಂತೆಯಲ್ಲಿ ಅಳತೆ ಪುಸ್ತಕ ಮುಂದಿಟ್ಟುಕೊಂಡು ರಾಶಿ ಬಟ್ಟೆ ಕತ್ತರಿಸಿ, ಬೆನ್ನು ಮುರಿಯುವಂತೆ ಹೊಲಿದ. ಗುಂಡಿ ಹಾಕುತ್ತಿದ್ದ ಅಜ್ಜಿ ಒಂದು ಅಂಗಿ ಎತ್ತಿ ಹಿಡಿದು, "ಯಾಕೋ ಪುಟ್ಟದು ಕಾಣ್ತಿದೆಯಲ್ರೀ" ಎಂದಳು.

"ಹೊಸ ಟೇಪು ಕಣೇ, ನಿನ್ನ ಕಣ್ಣು ಹಳೇದು" ಎಂದು ಗದರಿದ.

ಶಾಲೆ ಶುರುವಾದ ದಿನ ಊರೆಲ್ಲ ನೆರೆದಿದ್ದ ಮೈದಾನದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿದ್ದರು. ಅಧಿಕಾರಿ, ಹೆಡ್‌ಮೇಡಮ್ಮು, ಡಾಕ್ಟರು, ಕೊನೆಯದರಲ್ಲಿ ಅಜ್ಜ. ಡಾಕ್ಟರು ತನ್ನ ತಪ್ಪನ್ನು ತಾನೇ ಮೊದಲು ಒಪ್ಪಿಕೊಂಡು, ಕಾಗದ ಹರಡಿ, ಅವಳಿಗಳ ಕತೆಯನ್ನೂ ಹೇಳಿದಳು. ಅಧಿಕಾರಿ ಎರಡು ಸಲ ಆಕಳಿಸಿದರು.

"ಅಂದ್ರೆ ಮಕ್ಕಳು ಕುಗ್ಗಿಲ್ಲ."

"ಕುಗ್ಗಿಲ್ಲ ಸಾರ್, ಆದ್ರೆ ಬೆಳೆದೂ ಇಲ್ಲ, ಬೆಳೀಬೇಕಾಗಿತ್ತು."

"ಇದ್ದ ಹಾಗೇ ಇದ್ದಾರೆ ಅಂದ್ರೆ ಒಳ್ಳೇದೇ ಆಯ್ತಲ್ಲಮ್ಮ. ಮೊಟ್ಟೆ ಯಾಕೆ?" ಎಂದು ಪೆನ್ನಿನ ಮುಚ್ಚಳ ತೆಗೆದರು. ಡಾಕ್ಟರು ಇನ್ನೇನೋ ಹೇಳಲು ಹೋದಳು, ಅವರು ಕೈಯೆತ್ತಿ ತಡೆದರು. ಸತ್ಯ ಹೇಳಿ ಮಕ್ಕಳ ಬಾಯಿಂದ ತುತ್ತು ಕಿತ್ತೆನಲ್ಲ ಎಂದು ಅಜ್ಜ ಮರುಗಿದ.

ಆಗ ಗಂಟೆ ಹೊಡೆಯಿತು. ಹೊಸ ಯೂನಿಫಾರ್ಮ್ ತೊಟ್ಟ ಮುನ್ನೂರ ಹನ್ನೆರಡು ಮಕ್ಕಳು ಸಾಲಾಗಿ ಮೈದಾನಕ್ಕೆ ಬಂದರು. ಮುನ್ನೂರ ಹನ್ನೆರಡು ಮಕ್ಕಳ ಮಣಿಕಟ್ಟು ತೋಳಿನಿಂದ ಹೊರಗಿತ್ತು. ಪ್ಯಾಂಟು ಕಾಲಿನ ಗೆಣ್ಣು ಬಿಟ್ಟು ಮೇಲೆ ನಿಂತಿತ್ತು. ಎದೆಯ ಗುಂಡಿಗಳು ಏದುಸಿರು ಬಿಡುತ್ತಿದ್ದವು. ಸಾಲಿನಲ್ಲಿ ಯಾರೋ ಸೀನಿದ ರಭಸಕ್ಕೆ ಒಂದು ಗುಂಡಿ ಹಾರಿ ಬಂದು ಅಧಿಕಾರಿಯ ಮೇಜಿನ ಮೇಲೆ ಬಿತ್ತು.

ಅಧಿಕಾರಿಯ ಪೆನ್ನು ನಿಂತಿತು. "ಈ ಬಟ್ಟೆಗೆ ಅಳತೆ ಯಾವಾಗ ತಗೊಂಡ್ರಿ?"

"ರಜೆಗೆ ಮುಂಚೆ ಸಾರ್, ಎರಡು ತಿಂಗಳಾಯ್ತು" ಎಂದರು ಹೆಡ್‌ಮೇಡಮ್ಮು.

"ಎರಡು ತಿಂಗಳಿಗೆ ಇಷ್ಟು ಬೆಳೆದ್ರಾ?"

ಅಜ್ಜನಿಗೆ ಆಗ ಹೊಳೆಯಿತು. ಹಳೆಯ ಟೇಪಿನಲ್ಲಿ ಅಳೆದ ಪುಸ್ತಕ ನೋಡಿಕೊಂಡು ಹೊಸ ಟೇಪಿನಲ್ಲಿ ಕತ್ತರಿಸಿದ್ದ. ನಲವತ್ತು ವರ್ಷದಲ್ಲಿ ಒಂದೂ ತಪ್ಪದವನು ಒಂದೇ ಸಲಕ್ಕೆ ಮುನ್ನೂರ ಹನ್ನೆರಡು ತಪ್ಪಿದ್ದ, ಅದೂ ಇಡೀ ಊರಿನ ಎದುರು. ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಎದ್ದು ನಿಂತು ಕೈಮುಗಿದ. "ಸಾರ್, ಅವು ಬೆಳೆದದ್ದಲ್ಲ. ನಾನು ಗಿಡ್ಡ ಹೊಲಿದದ್ದು." ಎರಡು ಟೇಪಿನ ಕತೆಯನ್ನು ಬಿಡಿಸಿ ಬಿಡಿಸಿ ಹೇಳಿದ.

ಅಧಿಕಾರಿ ತಾಳ್ಮೆಯಿಂದ ಕೇಳಿ ಹೆಡ್‌ಮೇಡಮ್ಮಿನ ಕಡೆ ತಿರುಗಿದರು. "ಇವರು ಎಂದಾದ್ರೂ ಅಳತೆ ತಪ್ಪಿದ್ದುಂಟಾ?"

"ಒಂದೇ ಒಂದು ಸಲಾನೂ ಇಲ್ಲ ಸಾರ್."

"ಅದೇ ಮತ್ತೆ. ದೊಡ್ಡವರು, ತಮ್ಮ ಮೇಲೆ ಹಾಕ್ಕೋತಿದ್ದಾರೆ. ನನಗೆ ಕಣ್ಣಿಲ್ವಾ?" ಎಂದು ಬರೆದರು: ಮೊಟ್ಟೆ, ಹಾಲು, ಮಾತ್ರೆ, ಸೋಪು ಇನ್ನು ಐದು ವರ್ಷ. ಕೆಳಗೆ ಇನ್ನೊಂದು ಸಾಲು: ಮೇಲಿನ ಸಮಿತಿ ಬಂದು ಈ ಬೆಳವಣಿಗೆಯನ್ನು ಕಣ್ಣಾರೆ ನೋಡುವವರೆಗೆ ಯಾವ ಮಗುವಿನ ಬಟ್ಟೆಯ ಒಂದು ಹೊಲಿಗೆಯನ್ನೂ ಬಿಚ್ಚತಕ್ಕದ್ದಲ್ಲ.

ಡಾಕ್ಟರು ಅಜ್ಜನ ಮುಖ ನೋಡಿದಳು, ಅಜ್ಜ ಡಾಕ್ಟರಿನ ಮುಖ ನೋಡಿದ. ಇಬ್ಬರೂ ನಿಜ ಹೇಳಿಯಾಗಿತ್ತು.

ಸಮಿತಿ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಮುನ್ನೂರ ಹನ್ನೆರಡು ಮಕ್ಕಳು ಮಣಿಕಟ್ಟು ತೋರಿಸುತ್ತಾ ಅಂಗಡಿಯ ಮುಂದೆಯೇ ಶಾಲೆಗೆ ಹೋದರು. ತೋಳು, ಪ್ಯಾಂಟುಗಳ ಅಂಚಿನೊಳಗೆ ಮಡಿಸಿ ಹೊಲಿದ ಬಟ್ಟೆ ಇತ್ತು, ಅರ್ಧ ಗಂಟೆ ಕೊಟ್ಟರೆ ಅಜ್ಜ ಒಂದೊಂದನ್ನೂ ಇಳಿಸಿ ಸರಿ ಮಾಡುತ್ತಿದ್ದ. ಕೈ ತುರಿಸುತ್ತಿತ್ತು, ಕಣ್ಣಲ್ಲಿ ನೀರೇ ಬರುತ್ತಿತ್ತು. ಆ ಹೊತ್ತಿಗೆ ಮಷೀನು ಬಿಟ್ಟು ಒಳಗೆ ಹೋಗಿ ಕೂತುಬಿಡುತ್ತಿದ್ದ. ಹನ್ನೊಂದರ ಗಂಟೆ ಹೊಡೆದು, ಮಕ್ಕಳ ಕೂಗಾಟ ಕೇಳಿದ ಮೇಲೆಯೇ ಹೊರಗೆ ಬರುತ್ತಿದ್ದ.

ಒಂದು ದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ, ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಮಗಳ ಬಟ್ಟೆ ಹೊಲಿಸಲು ಬಂದಳು. ಬಟ್ಟೆಯ ತುಂಡನ್ನು ಮೇಜಿನ ಮೇಲೆ ಇಟ್ಟವಳು, ರಸ್ತೆಯಲ್ಲಿ ಹೋಗುತ್ತಿದ್ದ ಮಕ್ಕಳನ್ನೇ ನೋಡುತ್ತಾ ನಿಂತಳು.

"ಆ ಬಟ್ಟೆ ಎಲ್ಲ ನೀವೇ ಹೊಲಿದದ್ದಾ ಅಜ್ಜ?"

ಒಳಗಿನಿಂದ ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಜ್ಜ ಬೇಡವೆಂದು ತಲೆಯಾಡಿಸಿದ.

"ಹೌದಮ್ಮ. ಮುನ್ನೂರ ಹನ್ನೆರಡೂ ನಾನೇ ಹೊಲಿದದ್ದು."

ಅವಳು ಬಟ್ಟೆಯನ್ನು ಮೆಲ್ಲಗೆ ಮೇಜಿನಿಂದ ಎತ್ತಿಕೊಂಡಳು. ಅಜ್ಜ ಅಂಗಡಿಯ ಮೆಟ್ಟಿಲು ಇಳಿದು ಬಂದು, ಎದುರು ಸಾಲಿನ ಇನ್ನೊಬ್ಬ ಟೇಲರಿನ ಅಂಗಡಿ ಎಲ್ಲಿದೆಯೆಂದು ಅವಳಿಗೆ ಕೈ ತೋರಿಸಿದ.